ಕಮಲಾಬಾಯಿಯ ಹೆಸರು ತೆಗೆಸಿದ ಪ್ರಸಂಗ

ಹೆಸರು ತೆಗೆಸುವುದು ಎಂದರೆ ಎಷ್ಟರ ಕೆಲಸ? ಶಾಲೆಯ ಹಾಜರಿಯಿಂದ ಹುಡುಗರ ಹೆಸರನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕುವ ಮಾಸ್ತರ ನಾನು. ಆಳಂದದ ನಮ್ಮ ಮನೆಯ ಖಾತೆಯಲ್ಲಿ ನನ್ನ ಹೆಸರಿನ ಪಕ್ಕ ಕುಳಿತಿದ್ದ ಕಮಲಾಬಾಯಿಯ ಹೆಸರನ್ನೂ ಹಾಗೆಯೇ ತೆಗೆಸಿಬಿಡುತ್ತೇನೆ ಅಂದುಕೊಂಡಿದ್ದೆ.

ಕಮಲಾಬಾಯಿ ನನ್ನ ಮಾಜಿ ಹೆಂಡತಿ. ಎಂಬತ್ತರ ದಶಕದಲ್ಲಿ ಗುಲಬರ್ಗಾ ಕೋರ್ಟಿನಲ್ಲಿ ನಮ್ಮ ವಿಚ್ಛೇದನವಾಯಿತು. ಮನೆ ಇಬ್ಬರೂ ಸೇರಿ ಕೊಂಡದ್ದು. ಅರ್ಧ ನನ್ನ ಸಂಬಳದ್ದು, ಅರ್ಧ ಅವಳ ಹೊಲಿಗೆಯದ್ದು. ಆದರೂ ಅವಳು, "ಆ ಸೋರೋ ಮನಿ ಅವರೇ ಇಟ್ಕೊಳ್ಳಲಿ. ನನಗ ನನ್ನ ಮಷಿನ್ ಸಾಕು" ಎಂದು ಹಕ್ಕು ಬಿಟ್ಟ ಪತ್ರವನ್ನು ನೋಂದಣಿ ಮಾಡಿಸಿಕೊಟ್ಟು, ಜೇವರ್ಗಿಯ ತವರಿಗೆ ಹೋಗಿ ಹೊಲಿಗೆ ಕ್ಲಾಸು ತೆರೆದಳು. ಉಳಿದದ್ದು ಪುರಸಭೆಯ ಖಾತೆ ಬದಲಿಸುವುದೊಂದೇ.

ಪುರಸಭೆಯ ಗುಮಾಸ್ತರು ನೋಟಿಸು ಬರೆದರು. ತಕರಾರಿದ್ದವರು ಬಂದು ಹೇಳಬೇಕು ಎಂಬ ಒಕ್ಕಣೆ. "ಇದು ಬರೇ ಪದ್ಧತಿರಿ ಮಾಸ್ತರ. ನಮ್ಮ ಬೋರ್ಡಿಗೆ ಹಚ್ಚತೇವಿ, ಯಾರೂ ಓದಂಗಿಲ್ಲ" ಎಂದರು.

ಯಾರೂ ಓದುವುದಿಲ್ಲವೇ? ಅಕ್ಷರ ಕಲಿಸುವವನ ಮುಂದೆ ಈ ಮಾತೇ? ಇನ್ನೊಂದು ಪ್ರತಿ ಬೇಡಿ ತಂದು, ಓಣಿಯ ನಳದ ಪಕ್ಕದ ಗೋಡೆಗೆ ನಾನೇ ಅಂಟಿಸಿದೆ. ಕೊಡ ಹಿಡಿದು ನಿಂತವರಿಗೆ ಗಟ್ಟಿಯಾಗಿ ಓದಿಯೂ ಹೇಳಿದೆ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ.

ಮೊದಲ ತಕರಾರು ಪಕ್ಕದ ಮನೆಯ ಶರಣಪ್ಪ ಕಾಕಾನದು. ಸಮಾಧಾನ ಮಾಡಲು ಹೋದೆ.

"ಕಾಕಾ, ನಮ್ಮ ಮನಿ ಖಾತೆಗಿ ನಿಮ್ಮದೇನು ತಕರಾರು?"

"ನಿಮ್ಮ ಮಾಳಗಿ ನೀರು ನಮ್ಮ ಗ್ವಾಡಿಗೆ ಇಳೀತದ ಮಾಸ್ತರ. ಕಮಲವ್ವಗ ಹೇಳಿದ್ರ ತಾನೇ ಏಣಿ ಹಚ್ಚಿ ಏರತಿದ್ದಳು. ನಿಮ್ಮೊಬ್ಬರ ಹೆಸರ ಉಳದ್ರ ನಾ ಯಾರಿಗಿ ಹೇಳಲಿ?"

"ನನಗ ಹೇಳ್ರಿ. ಈ ಐತವಾರನೇ ಮಾಡಸ್ತೇನಿ."

"ಇದನ್ನ ಕೇಳಿ ಕೇಳಿನೇ ಆಕಿ ಜೇವರ್ಗಿಗಿ ಹೋದಳು" ಎಂದು ಕಾಕಾ ಎದ್ದು ಒಳಗೆ ಹೋದರು.

ಎದುರು ಮನೆಯ ರಸೂಲ್‌ಬಿಯದು ಇನ್ನೊಂದು. "ಖಾತೆದಾಗ ಕಮಲಾ ಆಪಾನ ಹೆಸರ ಇದ್ರ ಎಂದಾದ್ರೂ ಬರತಾಳ ಅಂತ ನಂಬಿಗಿ ಇತ್ತು. ಅದನ್ನೂ ಅಳಸಿದ್ರ ಮುಗೀತಲ್ರಿ ಮಾಸ್ತರ್ ಸಾಬ್." ನಾನು ಗಂಟಲು ಸರಿಪಡಿಸಿಕೊಂಡು ಕಾನೂನು ವಿವರಿಸಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರ ರಸೂಲ್‌ಬಿಯನ್ನು ಅಳಿಸಿದ ಎಂಬ ಸುದ್ದಿ ನಳದ ಸಾಲಿಗೆ ಮುಟ್ಟಿ, ಮರುದಿನ ಓಣಿಯ ಹೆಂಗಸರೆಲ್ಲ ಪುರಸಭೆಗೆ ನಡೆದರು.

ಗುಮಾಸ್ತರು ತಲೆ ಹಿಡಿದುಕೊಂಡು ಕೂತಿದ್ದರು. "ಮನಿ ಮ್ಯಾಲಿನ ತಕರಾರು ಹೇಳ್ರಿ ಅಂದ್ರ ಎಲ್ಲಾರೂ ನಿಮ್ಮ ಮ್ಯಾಲ ಹೇಳಾಕತ್ತಾರ. ಇನ್ನ ವಿಚಾರಣಿ ಇಡಬೇಕಾಗ್ತದ. ಬಾಯಿಯವರನ್ನೂ ಕರಸ್ರಿ."

ಕರೆಸಿದೆ. ಕಮಲಾಬಾಯಿ ಬಸ್ಸಿನಿಂದ ಇಳಿದು ನೇರ ಪುರಸಭೆಗೆ ಬಂದಳು. ಇಡೀ ಓಣಿ ಅಲ್ಲಿತ್ತು. ಅವಳು ಎಲ್ಲರ ಮಾತು ಕೇಳಿಸಿಕೊಂಡು ಎದ್ದು ನಿಂತಳು.

"ಕಾಕಾ, ಇವರು ಮಾಳಗಿ ಮಾಡಸಲಿಲ್ಲ ಅಂದ್ರ ಸಾಲಿಗಿ ಹೋಗಿ ಹುಡುಗರ ಮುಂದ ಕೇಳ್ರಿ, ಅವತ್ತೇ ಮಾಡಸ್ತಾರ. ರಸೂಲ್‌ಬಿ, ನಿನ್ನ ಮನಿಗಿ ಬರಾಕ ನನಗ ಖಾತೆ ಬೇಕೇನ ಬೇ? ಇವರೇನು ಕೆಟ್ಟವರಲ್ಲ. ಹೇಳಿದ ಮಾತು ಕಿವಿಗಿ ಹೋಗಂಗಿಲ್ಲ, ಅಷ್ಟೇ. ಬಿಟ್ಟಬಿಡ್ರಿ."

ನನ್ನ ಪರವಾಗಿ ಅಷ್ಟು ಚೆನ್ನಾಗಿ ನನ್ನ ವಕೀಲರೂ ಮಾತಾಡಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ತಕರಾರು ಹಿಂದಕ್ಕೆ ತೆಗೆದುಕೊಂಡರು. ನಾನು ಗೆದ್ದಿದ್ದೆ. ಆದರೆ ಇವಳೊಬ್ಬಳಾದರೂ ಬೇಡ ಅನ್ನಬಾರದಿತ್ತೇ ಅನಿಸಿತು.

"ಕಡೀ ಸಲ ಕೇಳತೇನಿ" ಎಂದರು ಗುಮಾಸ್ತರು. "ಇನ್ನ ಯಾರದಾದ್ರೂ ತಕರಾರ ಅದ ಏನ್ರಿ?"

ಒಂದು ಕೈ ಮೇಲೆದ್ದಿತು. ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ. ನನ್ನದೇ ಕೈ!

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಅರ್ಜಿನೂ ನಿಮ್ದೇ, ತಕರಾರೂ ನಿಮ್ದೇ ಆದ್ರ ನಾ ಏನಂತ ಬರೀಲಿರಿ ಮಾಸ್ತರ?"

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಕಮಲಾಬಾಯಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಕೈ ಇಳಸ್ರಿ" ಎಂದಳು ಮೆಲ್ಲಗೆ.

ಇಳಿಸಿದೆ. ಸಂಸಾರ ಮಾಡಿದಷ್ಟು ದಿನ ಅವಳ ಒಂದು ಮಾತೂ ಕೇಳದ ನಾನು, ಆವತ್ತು ಹೇಳಿದ ಕೂಡಲೇ ಕೇಳಿದೆ. ಮನೆ ನನ್ನೊಬ್ಬನದಾಯಿತು.