ರೀವ ಹಕ್ಕಿ ಮೊಟ್ಟೆ ಬಿಟ್ಟು ಎದ್ದದ್ದು

ಮಕ್ಕಳನ್ನು ಸಾಕುವುದು ಪ್ರಕೃತಿಸಹಜ ಎನ್ನುವವರು, ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಹಲ್ಲು ಬರುತ್ತಿರುವ ಕೂಸನ್ನು ಎತ್ತಿಕೊಂಡು ತಿರುಗಿದವರಲ್ಲ. ನಾನು ತಿರುಗಿದ್ದೇನೆ. ನನ್ನ ಹೆಂಡತಿ ವೇದಾ ಹಕ್ಕಿಗಳ ಸಂಶೋಧಕಿ. ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ಬೋಳು ನಡುಗಡ್ಡೆಯಲ್ಲಿ ರೀವ ಹಕ್ಕಿಗಳು, ಅವಳ ಇಂಗ್ಲಿಷಿನಲ್ಲಿ ರಿವರ್ ಟರ್ನ್, ಮೊಟ್ಟೆಯಿಡುತ್ತವೆ. ಬಳಗದ ಹೆಚ್ಚಿನವು ಕಡಲಿನವು, ಇವು ಹೊಳೆಗೆ ಒಗ್ಗಿಕೊಂಡವು. ಇವುಗಳಿಗೋಸ್ಕರ ನಾವು ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಗೆ ಬೀಗ ಹಾಕಿ ಭದ್ರಾವತಿಯ ಅತ್ತೆಮನೆಯಲ್ಲಿ ಬಿಡಾರ ಹೂಡಿದೆವು. ಅತ್ತೆಮನೆಯಲ್ಲಿ ಅಳಿಯ ಮೊದಲ ಮೂರು ದಿನ ದೇವರು. ಆಮೇಲೆ ಕೂಸು ಎತ್ತಿಕೊಳ್ಳುವವನು. ವಾರವೆಲ್ಲ ಶಿವಮೊಗ್ಗದ ಆಫೀಸಿಗೆ ಬಸ್ಸಿನಲ್ಲಿ ಓಡಾಡಿ, ಸಂಜೆ ಕೂಸಿನ ಅಳುವಿಗೆ ತಾಳ ಹಾಕಿ, ನನ್ನ ಮುಖ ಬಾಡಿದ್ದನ್ನು ಕಂಡು ವೇದಾ, "ಈ ಭಾನುವಾರ ನೀವೂ ಬನ್ರೀ, ಮಗೂನ ಅಮ್ಮ ನೋಡ್ಕೋತಾರೆ" ಎಂದಳು. ಪಿಕ್‌ನಿಕ್ಕು ಎಂದುಕೊಂಡು ಚಕ್ಕುಲಿ ಕಟ್ಟಿಸಿಕೊಂಡು ಹೊರಟೆ.

ನಡುಗಡ್ಡೆಯ ತುದಿಯಲ್ಲಿ ಗೋಣಿತಾಟು ಹೊದಿಸಿದ ಒಂದು ಮರೆ. ಅದರೊಳಗೆ ಮಾತಿಲ್ಲ, ಅಲ್ಲಾಟವಿಲ್ಲ. ಚಕ್ಕುಲಿ ಕಡಿಯುವ ಸದ್ದೂ ನಿಷಿದ್ಧ. ಎದುರಿಗೇ ಒಂದು ರೀವ ಕಾದ ಮಣ್ಣಿನ ಮೇಲೆ ಕೂತಿತ್ತು. ಗೂಡೆಂದರೆ ನೆಲದಲ್ಲೊಂದು ಸಣ್ಣ ತಗ್ಗು, ಅಷ್ಟೇ. ಆಗಾಗ ಹಾರಿ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತಿತ್ತು. ಮೀನಿಗೆ ಹೋದ ಅದರ ಜೋಡಿ ಬಿಸಿಲೇರಿದರೂ ಬರಲಿಲ್ಲ. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡತೊಡಗಿತು.

"ಸೆಕೆ, ಹಸಿವು ಎರಡೂ ಸೇರಿದ್ರೆ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ" ಎಂದು ವೇದಾ ಪಿಸುಗುಟ್ಟಿದಳು. "ಸ್ವಲ್ಪ ಏರಿದ್ರೆ ಇನ್ನೂ ಜಾಸ್ತಿ ದುಡಿಯುತ್ತೆ. ಮಿತಿ ಮೀರಿದ್ರೆ, ಮೊದಲು ನಿನ್ನ ಜೀವ ಉಳಿಸ್ಕೋ, ಮರಿ ಮುಂದಿನ ವರ್ಷ ಮಾಡಿದ್ರಾಯ್ತು ಅನ್ನುತ್ತೆ."

"ನಮಗೂ ಇದ್ಯಾ ಆ ಹಾರ್ಮೋನು?"

"ಹೆಚ್ಚುಕಮ್ಮಿ ಅದೇ."

ಹಕ್ಕಿ ಎದ್ದು ನಿಂತಿತು. ಮೊಟ್ಟೆಗಳನ್ನು ಒಮ್ಮೆ ಕೊಕ್ಕಿನಿಂದ ಸರಿಸಿತು. ಹಾರಿತು. ನೆನೆಸಿಕೊಂಡು ಬರಲು ಹೋಯಿತೆಂದು ಕಾದೆವು. ಅದು ಬರಲಿಲ್ಲ, ಕಾಗೆ ಬಂತು. ನಾನು ಏಳಹೊರಟೆ. ವೇದಾ ತೋಳು ಹಿಡಿದು ಎಳೆದಳು. "ಕೂತ್ಕೊಳ್ರೀ! ನಾವೆದ್ರೆ ಉಳಿದ ಹಕ್ಕಿಗಳೂ ಹಾರ್ತಾವೆ, ಎಲ್ಲಾ ಮೊಟ್ಟೆನೂ ಬೆಂದುಹೋಗ್ತಾವೆ." ಕೂತೆ. ಕಾಗೆ ನಿಧಾನವಾಗಿ ತಿಂದು ಮುಗಿಸಿತು. ಅದು ಹಾರಿಹೋದ ಮೇಲೂ ವೇದಾ ನನ್ನ ತೋಳು ಬಿಡಲಿಲ್ಲ. ವರ್ಷಗಳಿಂದ ಇದನ್ನೇ ನೋಡುತ್ತಿರುವವಳಿಗೆ ಅಭ್ಯಾಸವಾಗಿರುತ್ತದೆ ಎಂದುಕೊಂಡಿದ್ದೆ, ಆಗಿರಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಆ ಹಕ್ಕಿಯನ್ನು ಬೈದೆ. "ಹೆತ್ತ ಮೇಲೆ ಸಹಿಸ್ಕೋಬೇಕು ಮಾರಾಯ್ತಿ, ಬಿಸಿಲು ಅಂತ ಬಿಟ್ಟು ಹೋಗೋದಾ?" ವೇದಾ ಕಿಟಕಿಯಾಚೆ ನೋಡುತ್ತಿದ್ದಳು. "ಅದಕ್ಕೆ ಎಷ್ಟು ಆಗುತ್ತೋ ಅಷ್ಟು ಮಾಡ್ತು" ಎಂದಳು, ಅಷ್ಟೇ.

ಮನೆಯಲ್ಲಿ ಕೂಸು ಕಿರುಚಿ ಕೆಂಪಾಗಿತ್ತು. ಅತ್ತೆಯ ಸೊಂಟ ಹಿಡಿದಿತ್ತು. ಫ್ಯಾನು ನಿಂತಿತ್ತು. ಕೂಸನ್ನು ಎತ್ತಿಕೊಂಡೆ, ಕುಣಿಸಿದೆ, ಕಾಗೆ ತೋರಿಸಲು ಹೋಗಿ ಬಾಯಿ ಮುಚ್ಚಿಕೊಂಡೆ. ಅಳು ಇನ್ನೂ ಏರಿತು. ಕಿವಿಯೊಳಗೆ ಏನೋ ಜುಂ ಎಂದಿತು. ಕೂಸನ್ನು ವೇದಾಳ ಮಡಿಲಿಗೆ ಹಾಕಿ, "ಹಾಲು ತರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

ಗೇಟು ದಾಟುವಾಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅಳಿಯಂದ್ರೇ, ಫ್ರಿಜ್ಜಲ್ಲಿ ಎರಡು ಪ್ಯಾಕೆಟ್ ಹಾಲಿದ್ಯಲ್ಲಾ!"

ಕೇಳಿಸದವನಂತೆ ನಡೆದೆ.