ಹಲ್ಲಿಗೆ ಕಲ್ಲು ಕೊಟ್ಟವರಿಗೆ

ಭೂವಿಜ್ಞಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ಭೂಮಿಯ ಒಳಹೊರಗನ್ನೆಲ್ಲ ಬಲ್ಲ ತಮಗೆ, ಮನುಷ್ಯರ ಬಾಯಿಯ ಒಳಗನ್ನಷ್ಟೇ ಬಲ್ಲ ಈ ದಂತವೈದ್ಯನ ಅನಂತ ನಮಸ್ಕಾರಗಳು. ತಾವೂ ತಮ್ಮ ಕಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರಾದ್ದರಿಂದ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮ ವಿಭಾಗಕ್ಕೆ ಹುಡುಗ ಹುಡುಗಿಯರು ಬರುತ್ತಿಲ್ಲ, ಈ ವರ್ಷವೂ ಬಾರದಿದ್ದರೆ ಬಾಗಿಲು ಮುಚ್ಚಬೇಕಾದೀತು ಎಂದು ಕೇಳಿ ನಾನೂ ಮರುಗಿದವನೇ. ತಾವು ಜ್ವಾಲಾಮುಖಿಯ ಬಣ್ಣದ ಚಿತ್ರ ಅಂಟಿಸಿದಿರಿ, ಪುಕ್ಕಟೆ ಟೋಪಿ ಹಂಚಿದಿರಿ. ಮಕ್ಕಳು ಆ ಟೋಪಿ ಹಾಕಿಕೊಂಡೇ ಕಂಪ್ಯೂಟರ್ ವಿಭಾಗದ ಸಾಲಿನಲ್ಲಿ ನಿಂತರು. ಅಷ್ಟಕ್ಕೇ ತಾವು ಸುಮ್ಮನಾಗಿದ್ದರೆ ನನ್ನ ಸಂಸಾರ ನೆಟ್ಟಗಿರುತ್ತಿತ್ತು. ಆದರೆ ಶಾಲೆಯ ವಸ್ತುಪ್ರದರ್ಶನದಲ್ಲಿ ತಾವು ನನ್ನ ಮಗಳ ಅಂಗೈಗೆ ಕಂದು ಕಲ್ಲಿನ ಚೂರೊಂದನ್ನು ಇಟ್ಟು, ಮುಂದಿನ ಹಲ್ಲಿನಿಂದ ಮೆಲ್ಲಗೆ ಕಡಿದು ನೋಡಲು ಹೇಳಿದಿರಿ. ನುಣ್ಣಗಿದ್ದರೆ ಬರಿಯ ಜೇಡಿ, ಕರಕರ ಎಂದರೆ ಯಾವುದೋ ಹಳೆಯ ನದಿಯ ಹೂಳು ಸೇರಿದೆ, ತಮ್ಮವರು ಬೆಟ್ಟಗುಡ್ಡಗಳಲ್ಲಿ ಹೀಗೆಯೇ ಪರೀಕ್ಷಿಸುತ್ತಾರೆ ಎಂದಿರಿ. ದಂತವೈದ್ಯನ ಮಗಳಿಗೆ ಈ ಮಾತು ಹೇಳುವ ಎದೆಗಾರಿಕೆ ತಮ್ಮೊಬ್ಬರಿಗೇ ಇದ್ದೀತು.

ತಮ್ಮ ಉಪಾಯಕ್ಕೆ ತಲೆಬಾಗುತ್ತೇನೆ. ಅಂದಿನಿಂದ ಅವಳು ಕಲ್ಲು ಕಂಡಲ್ಲೆಲ್ಲ ಬಾಯಿ ಹಾಕುತ್ತಾಳೆ. ಅಡುಗೆಮನೆಯ ಕಟ್ಟೆಯ ಕಪ್ಪು ಕಲ್ಲನ್ನು ನೆಕ್ಕಿ, ಅದು ಅಂಗಡಿಯವನು ಹೇಳಿದ ಗ್ರಾನೈಟೇ ಅಲ್ಲವೆಂದು ತೀರ್ಪು ಕೊಟ್ಟ ಮೇಲೆ ಅವಳ ತಾಯಿ ತರಕಾರಿ ಹೆಚ್ಚುವಾಗಲೆಲ್ಲ ಅದನ್ನು ಅನುಮಾನದಿಂದ ನೋಡುತ್ತಾಳೆ. ಮೊನ್ನೆಯಂತೂ ನಿವೃತ್ತ ಬಸ್ ಚಾಲಕರೊಬ್ಬರು ನನ್ನೆದುರು ಬಾಯಿ ತೆರೆದು ಕುಳಿತಿದ್ದಾಗ, ಇವಳು ಟಾರ್ಚ್ ಬಿಟ್ಟು ನೋಡಿ, “ಅಪ್ಪಾ, ಪಾಚಿ ಎಷ್ಟು ಚೆನ್ನಾಗಿ ಪದರ ಪದರವಾಗಿ ಕೂತಿದೆ ನೋಡು, ದಯವಿಟ್ಟು ಕೆರೀಬೇಡ” ಎಂದಳು. ಮುಚ್ಚಿದ ಆ ಬಾಯಿ ನನ್ನ ಕ್ಲಿನಿಕ್ಕಿನಲ್ಲಿ ಮತ್ತೆ ತೆರೆದಿಲ್ಲ.

ನಗಬೇಡಿ. ಮುಂದೆ ಅವಳೂ ಹಲ್ಲಿನ ಡಾಕ್ಟರಾಗಿ ನನ್ನ ಜೊತೆ ಕೆಲಸ ಮಾಡುತ್ತಾಳೆಂದು ಕ್ಲಿನಿಕ್ಕಿನ ಕಿಟಕಿಯ ಪಕ್ಕ ಎರಡನೆಯ ಕುರ್ಚಿ ಹಾಕಿಸಿ, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಅವಳೇ ತೆಗೆಯಲಿ ಎಂದು ಹಾಗೆಯೇ ಬಿಟ್ಟಿದ್ದೆ. ಈಗ ಅವಳು ಅದರ ಮೇಲೆ ತೊಳೆದ ಕಲ್ಲುಗಳನ್ನು ಒಣಗಲು ಹರಡುತ್ತಾಳೆ. ನನಗೆ ದುಃಖವಾಗಿದೆ, ಮಾನ್ಯರೇ. ಆ ಕುರ್ಚಿಯ ಬಳಿ ಅವಳು ಇಷ್ಟು ಖುಷಿಯಾಗಿದ್ದದ್ದನ್ನು ನಾನು ಮೊದಲೆಂದೂ ನೋಡಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ.

ಆದ್ದರಿಂದ ತಮ್ಮಲ್ಲಿ ನನ್ನ ಪುಟ್ಟ ಬೇಡಿಕೆಯೇನೆಂದರೆ, ಅವಳು ತಮ್ಮಲ್ಲಿಗೆ ಬರುವ ಮುನ್ನ ಭೂಮಿಯ ಮೇಲಿನ ಕಲ್ಲುಗಳನ್ನೆಲ್ಲ ಸ್ವಲ್ಪ ನೆನೆಸಿ ಮೆತ್ತಗಾಗಿಸಬೇಕು, ಬೆಟ್ಟಗಳನ್ನು ಅವಳು ಸಂಜೆ ಊಟಕ್ಕೆ ಮನೆಗೆ ಮರಳುವಷ್ಟು ಹತ್ತಿರಕ್ಕೆ ಸರಿಸಬೇಕು. ಇದಾಗದಿದ್ದರೆ, ಯಾರೂ ಕಚ್ಚಿ ಕೇಳುವ ಮೊದಲೇ ತನ್ನ ಹುಟ್ಟು, ವಯಸ್ಸುಗಳನ್ನು ತಾನಾಗಿ ಹೇಳಿಬಿಡುವಂತೆ ಭೂಮಿಗೊಂದು ಸುತ್ತೋಲೆ ಹೊರಡಿಸಬೇಕು. ತಮ್ಮ ವಿಭಾಗಕ್ಕೆ ಸೇರಲು ಅವಳು ತುಂಬಿದ ಅರ್ಜಿಗೆ ನಾನು ಹಲ್ಲು ಕಚ್ಚಿಕೊಂಡು ಸಹಿ ಹಾಕಿದ್ದೇನೆ.

ಇಂತಿ, ತಮ್ಮ ಬಾಗಿಲು ತೆರೆದಿರಲಿ, ಬಾಯಿ ಮುಚ್ಚಿರಲಿ ಎಂದು ಹಾರೈಸುವ,
ತಮ್ಮ ವಿಶ್ವಾಸಿ,
ಒಂದು ಕುರ್ಚಿ ಹೆಚ್ಚಾದ ದಂತವೈದ್ಯ

ಪತ್ರ ಮುಗಿದ ಮೇಲೆ ನೆನಪಾದದ್ದು: ತಾವು ಕೊಟ್ಟ ಕಂದು ಕಲ್ಲಿನ ಚೀಟಿಯಲ್ಲಿ ‘ಬರಿಯ ಜೇಡಿ’ ಎಂದಿದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನೂ ಕಡಿದು ನೋಡಿದೆ, ಕರಕರ ಎಂದಿತು. ಚೀಟಿ ತಿದ್ದಿಕೊಳ್ಳಿ. ನನ್ನ ಮುಂದಿನ ಹಲ್ಲಿನ ತುದಿ ಮುರಿದಿದೆ. ನನ್ನ ಹಲ್ಲನ್ನು ನಾನೇ ಸರಿಮಾಡಿಕೊಳ್ಳಲು ಆಗುವುದಿಲ್ಲ; ಮುಂದೊಂದು ದಿನ ಅದನ್ನು ನೋಡಬೇಕಾಗಿದ್ದ ಡಾಕ್ಟರನ್ನು ತಾವು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದೀರಿ.