ಹೆಂಡತಿ ಬರಲು ಬೇಕಾದ ಇಂಗ್ಲಿಷು

ಮನುಷ್ಯನಿಗೆ ತನ್ನಲ್ಲಿ ಇಲ್ಲದ್ದರ ಮೇಲೆಯೇ ಆಸೆ ಹೆಚ್ಚು. ನನ್ನ ಆಸೆ ಇಂಗ್ಲಿಷಿನ ಮೇಲಿತ್ತು. ಅದೂ ಎಲ್ಲರೂ ಆಡುವ ಸಾದಾ ಇಂಗ್ಲಿಷಿನ ಮೇಲಲ್ಲ, ಒಂದೇ ಪದಕ್ಕೆ ಉಸಿರೆಲ್ಲ ಖರ್ಚಾಗುವಂಥ ಇಂಗ್ಲಿಷಿನ ಮೇಲೆ. ಧಾರವಾಡದಿಂದ ಮುಂಬಯಿಗೆ ಬಂದ ಹೊಸತರಲ್ಲಿ ಒಮ್ಮೆ ಲೋಕಲ್ ಗಾಡಿಯಲ್ಲಿ ಸೂಟು ತೊಟ್ಟ ದಪ್ಪ ಗೃಹಸ್ಥರೊಬ್ಬರು ನನ್ನ ಕಾಲಿನ ಮೇಲೆ ಬೂಟು ಊರಿ ನಿಂತರು. ನನಗಾಗುತ್ತಿದ್ದ ನೋವಿಗೆ 'ಎಕ್ಸ್‌ಕ್ರೂಶಿಯೇಟಿಂಗ್' ಎನ್ನುತ್ತಾರೆಂದು ಗೊತ್ತಿತ್ತು. 'ಸ್ವಾಮೀ, ಕಾಲು ತೆಗೆಯಿರಿ' ಎನ್ನುವುದಕ್ಕೆ ಏನೆನ್ನಬೇಕೆಂದು ಮಾತ್ರ ತೋಚಲಿಲ್ಲ. ಅವರು ಬಾಂದ್ರಾದಲ್ಲಿ ಇಳಿಯುವವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಅದು ನನ್ನ ಇಂಗ್ಲಿಷಿಗೆ ಹೇಳಿ ಮಾಡಿಸಿದ ಮಾತು.

ಈ ಹುಚ್ಚು ನನ್ನೊಬ್ಬನದೇ ಆಗಿದ್ದರೆ ತಾನಾಗಿ ಇಳಿಯುತ್ತಿತ್ತೇನೋ. ಆದರೆ ನಮ್ಮದೊಂದು ಕೂಟವೇ ಇತ್ತು. ಅದರ ಯಜಮಾನರು ವಿಜಾಪುರದ ದೇಸಾಯರು, ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರು. ಗಾಡಿ ಹೊರಡುವ ಅಂಧೇರಿಯಲ್ಲೇ ಅವರ ಮನೆ. ಅವರು ಮೊದಲೇ ಹತ್ತಿ ಬೆಂಚಿನ ಮೇಲೆ ಕರವಸ್ತ್ರ ಹಾಸಿ, ವಿಲೆ ಪಾರ್ಲೆಯಲ್ಲಿ ಹತ್ತುವ ನನಗೂ ಉಡುಪಿ ಕಡೆಯ ಟೈಪಿಸ್ಟ್ ಶೆಣೈಯವರಿಗೂ ಜಾಗ ಹಿಡಿಯುತ್ತಿದ್ದರು. ಇದಕ್ಕೆ ಪ್ರತಿಯಾಗಿ ದಿನಕ್ಕೊಂದು ಇಂಗ್ಲಿಷ್ ಪದವನ್ನು ಅವರಿಂದ ಸ್ವೀಕರಿಸಬೇಕು. ಕೊನೆಯ ನಿಲ್ದಾಣ ಚರ್ಚ್‌ಗೇಟ್ ಬರುವುದರೊಳಗೆ ಅದು ಬಾಯಿಪಾಠವಾಗಬೇಕು, ಸಂಜೆಯೊಳಗೆ ಆಫೀಸಿನಲ್ಲಿ ತನಗಿಂತ ಮೇಲಿನವರ ಎದುರಿಗೆ ಅದನ್ನು ಬಳಸಬೇಕು. ಬಳಸದವನಿಗೆ ಮರುದಿನ ಕರವಸ್ತ್ರವಿಲ್ಲ. ಆ ಜನಜಂಗುಳಿಯಲ್ಲಿ ಚರ್ಚ್‌ಗೇಟಿನವರೆಗೆ ನಿಂತು ನೋಡಿದವರಿಗೆ ಇದೆಂಥ ಶಿಕ್ಷೆಯೆಂದು ಗೊತ್ತು. ಸೀಟಿನ ಆಸೆಗೆ ನಾವು ಕಲಿತಷ್ಟು ಇಂಗ್ಲಿಷನ್ನು ಮಾಸ್ತರರ ಛಡಿಗೆ ಹೆದರಿಯೂ ಕಲಿತಿರಲಿಲ್ಲ.

ಡಿಕ್ಷನರಿ ನೋಡುವುದೆಂದರೆ ಮುಂಬಯಿಯಲ್ಲಿ ಬಾಡಿಗೆ ಖೋಲಿ ಹುಡುಕಿದ ಹಾಗೆ. ಒಂದು ಪದದ ಬಾಗಿಲು ತಟ್ಟಿದರೆ 'ನನ್ನಲ್ಲಿ ಅರ್ಥವಿಲ್ಲ, ಪಕ್ಕದವರನ್ನು ಕೇಳಿ' ಎಂದು ಇನ್ನೊಂದು ಪದದ ಕಡೆ ಕೈ ತೋರಿಸುತ್ತದೆ. ಆ ಪದವೋ ಮತ್ತೊಂದು ಮಾಳಿಗೆ ಹತ್ತಿಸುತ್ತದೆ. ಹೀಗೆ ಹತ್ತಿ ಇಳಿದು ನನ್ನ ತಲೆಯಲ್ಲಿ ಭಾರಿ ಪದಗಳ, ಸಾಲು ಖೋಲಿಗಳ ದೊಡ್ಡ ಚಾಳೇ ಎದ್ದಿತ್ತು. ಒಳಗೆ ವಾಸಕ್ಕೆ ಮಾತ್ರ ಯಾರೂ ಇರಲಿಲ್ಲ.

ವಾಸಕ್ಕೆ ಯಾರೂ ಇಲ್ಲದ್ದು ತಲೆಯಲ್ಲಷ್ಟೇ ಅಲ್ಲ, ಪಾರ್ಲೆಯ ನನ್ನ ಖೋಲಿಯಲ್ಲೂ ಅದೇ ಸ್ಥಿತಿ. ನನಗೆ ಮದುವೆಯಾಗಿತ್ತು, ಹೆಂಡತಿ ಶಾಂತಾ ಧಾರವಾಡದಲ್ಲಿ ತವರುಮನೆಯಲ್ಲಿದ್ದಳು. ಮುಂಬಯಿಯ ಫೋರ್ಟ್ ಭಾಗದಲ್ಲಿ ಯಂತ್ರದ ಬಿಡಿಭಾಗ ಮಾರುವ ಕಂಪನಿಯಲ್ಲಿ ನನ್ನದು ಹಂಗಾಮಿ ನೌಕರಿ. ಹಿಂದಿನ ದೀಪಾವಳಿಗೆ ಹೋದಾಗ ಮಾವನವರು ತೂಗುಮಂಚದ ಮೇಲೆ ಕೂತು, "ನೌಕರಿ ಖಾಯಂ ಆಗ್ಲಿ, ಆಮ್ಯಾಲೆ ಕಳಸೋದು ನೋಡೂಣು" ಎಂದಿದ್ದರು. ನಾನು ಶೇಂಗಾ ಹೋಳಿಗೆ ಮುರಿಯುತ್ತ, ಮೈ ಹಣ್ಣು ಮಾಡುವ ಮುಂಬಯಿಯ ಜೀವನ ಎಷ್ಟು 'ಸ್ಟ್ರೆನ್ಯುಅಸ್' ಎಂದು ಅವರಿಗೆ ವರ್ಣಿಸಿ ಬಂದಿದ್ದೆ. ಬಾಗಿಲ ಮರೆಯಲ್ಲಿ ಶಾಂತಾ ನಿಂತಿದ್ದಳು. ಅವಳ ಮುಖ ನೆನಪಾದರೆ ಪಾರ್ಲೆಯ ಖೋಲಿಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೊಂದು ದಿನ ಕಂಪನಿಯ ಸಾಹೇಬರು ಖಾಯಂ ಮಾಡುವ ಮಾತಿಗೆ ನನ್ನನ್ನು ಕರೆಸಿದರು. ಆ ಬೆಳಿಗ್ಗೆ ಗಾಡಿಯಲ್ಲಿ ಶೆಣೈ ನನ್ನ ಪರವಾಗಿ, "ಇವತ್ತೊಂದು ದಿನ ಇವರನ್ನು ಬಿಟ್ಟುಬಿಡಿ ಮಾರಾಯ್ರೆ, ಪಾಪ, ಇಂಟರ್‌ವ್ಯೂ ಉಂಟು" ಎಂದು ಕೇಳಿಕೊಂಡರು.

"ರೂಲ್ ಅಂದ್ರ ರೂಲ್ ರೀ," ಎಂದರು ದೇಸಾಯರು. "ಇಂಥ ಹೊತ್ತಿನ್ಯಾಗ ಉಪಯೋಗ ಬರಲಿಲ್ಲಂದ್ರ ವಿದ್ಯಾ ತಗೊಂಡು ಏನ್ ಮಾಡೋದದ? ಹೂಂ, ಬಾಯಿಪಾಠ ಮಾಡ್ರಿ. ಇನ್‌ಡಿಫ್ಯಾಟಿಗಬಲ್. ಎಂದೂ ದಣಿಯದವ ಅಂತ ಅರ್ಥ."

ನಮ್ಮ ಸಾಹೇಬರು ವಯಸ್ಸಾದ ಪಾರ್ಸಿ ಗೃಹಸ್ಥರು. ಕೂಡೆಂದು ಕುರ್ಚಿ ತೋರಿಸಿ, ನಿನ್ನನ್ನು ಯಾಕೆ ಖಾಯಂ ಮಾಡಬೇಕೆಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ನಿಂತು, ನಾನು ಇನ್‌ಡಿಫ್ಯಾಟಿಗಬಲ್ ಎಂದೆ. ಅವರು ಕನ್ನಡಕ ತೆಗೆದು, ಹಾಗೆಂದರೇನೆಂದು ಕೇಳಿದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ನನಗೆ ಗೊತ್ತಿದೆಯೋ ಎಂದು ನೋಡಿದರೋ, ಇವತ್ತಿಗೂ ತಿಳಿಯದು. ನಾನು 'ಅಸಿಡ್ಯುಅಸ್' ಎಂದೆ. ಅದೆಂದರೆ? 'ಸೆಡ್ಯುಲಸ್' ಎಂದೆ. ಅದೆಂದರೆ? ಅಲ್ಲಿಗೆ ನನ್ನ ಚಾಳಿನ ಮಾಳಿಗೆಗಳು ಮುಗಿದವು. 'ದಣಿಯುವುದಿಲ್ಲ' ಎನ್ನಲು ಒಂದು ಬಡ ಇಂಗ್ಲಿಷ್ ಪದ ಸಿಕ್ಕೀತೇ ಎಂದು ತಡಕಾಡಿದೆ. ಬೆವರು ಬಂತೇ ಹೊರತು ಪದ ಬರಲಿಲ್ಲ.

"ಡಿಕ್ರಾ," ಎಂದರು ಸಾಹೇಬರು, ಮಗನಿಗೆ ಹೇಳುವಂತೆ, ಸುತ್ತುಬಳಸದೆ ಹೇಳೆಂದು ಹಿಂದಿಯಲ್ಲಿ. "ಸೀಧಾ ಬೋಲ್. ಪರ್ಮನೆಂಟ್ ಕ್ಯೂಂ ಚಾಹಿಯೇ?"

ಇನ್ನೇನು ಕೆಲಸವೂ ಹೋಯಿತು, ಶಾಂತಾ ತವರಲ್ಲೇ ಮುದುಕಿಯಾದಳು ಎಂದು ಎದೆ ಬಾಯಿಗೆ ಬಂತು. ಅದರ ಹಿಂದೆಯೇ ಮಾತೂ ಬಂತು. "ಸರ್, ಪರ್ಮನೆಂಟ್, ವೈಫ್ ಕಮ್. ನಾಟ್ ಪರ್ಮನೆಂಟ್, ವೈಫ್ ನಾಟ್ ಕಮ್" ಎಂದೆ. ಜೊತೆಗೆ ಕಣ್ಣಲ್ಲಿ ನೀರೂ ಬಂತು, ಅದನ್ನು ಯಾರೂ ಕರೆದಿರಲಿಲ್ಲ. ಸಾಹೇಬರು ಬಹಳ ಹೊತ್ತು ನಕ್ಕರು. ಆಮೇಲೆ ಟೇಬಲ್ಲಿನ ಮೇಲಿದ್ದ ತಮ್ಮ ಹೆಂಡತಿಯ ಫೋಟೋದ ಕಡೆ ಒಮ್ಮೆ ನೋಡಿ, ಹೆಡ್ ಕ್ಲಾರ್ಕನ್ನು ಕರೆದು ನನ್ನನ್ನು ಖಾಯಂ ಮಾಡಲು ಹೇಳಿದರು.

ಮರುದಿನ ಗಾಡಿಯಲ್ಲಿ ದೊಡ್ಡ ಚರ್ಚೆಯಾಯಿತು. ಪದ ಬಳಸಿದ್ದು ಹೌದು, ಆದರೆ ಅದರಿಂದ ಕೆಲಸವಾಗಿಲ್ಲ, ಕರವಸ್ತ್ರಕ್ಕೆ ನಾನು ಅರ್ಹನೋ ಅಲ್ಲವೋ? ದೇಸಾಯರು ಸಾಂತಾಕ್ರೂಜಿನಿಂದ ಮಾಹೀಮಿನವರೆಗೆ ಯೋಚಿಸಿ, ಹೆಂಡತಿ ಬರುವವನೆಂಬ ರಿಯಾಯಿತಿಯ ಮೇಲೆ ಅರ್ಧ ಸೀಟು ಮಂಜೂರು ಮಾಡಿದರು.

ಒಂದು ಒಳ್ಳೆಯ ದಿನ ನೋಡಿ ಶಾಂತಾ ಬಂದಳು. ಮರುದಿನ ಬೆಳಿಗ್ಗೆ ಖೋಲಿಯಲ್ಲಿ ಮೊದಲ ಬಾರಿಗೆ ಇಬ್ಬರೂ ಎದುರೆದುರು ಕೂತು ಚಹಾ ಕುಡಿದೆವು. ನನಗೆ ಮುಂಬಯಿಯೆಲ್ಲ ನನ್ನದೇ ಅನಿಸಿತ್ತು.

"ಅಲ್ರೀ, ಸಾಹೇಬ್ರ ಮುಂದ ಅಂಥಾದ್ದೇನು ಇಂಗ್ಲಿಷ್ ಮಾತಾಡಿದ್ರಿ?" ಎಂದು ಕೇಳಿದಳು.

ಇನ್‌ಡಿಫ್ಯಾಟಿಗಬಲ್ಲಿನ ವಿಷಯ ನುಂಗಿಕೊಂಡು, ಕೊನೆಯ ಮಾತನ್ನಷ್ಟೇ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಬಸಿಯನ್ನು ಕೆಳಗಿಟ್ಟಳು.

"ಇಷ್ಟ ಮಾತು ನಮ್ಮಪ್ಪನ ಮುಂದ ಕನ್ನಡದಾಗ ಅಂದಿದ್ರ ದೀಪಾವಳಿಗೇ ಕಳಸ್ತಿದ್ರು. ಅಳಿಯಂದ್ರು ಬಾಯಿಬಿಟ್ಟು ಒಮ್ಮೆನೂ ಕೇಳಲಿಲ್ಲ, ಕರಕೊಂಡು ಹೋಗೋ ಮನಸ್ಸ ಇಲ್ಲೋ ಏನೋ ಅಂತ ಅವ್ವನ ಮುಂದ ಅನಕೋತ ಕೂತಿದ್ರು. ನಾನೂ ಹಂಗ ತಿಳಕೊಂಡಿದ್ದೆ."

ನನ್ನಂಥವನಿಗೆ ಇಂಗ್ಲಿಷಿನಲ್ಲಿ ಏನೇನು ಹೆಸರಿದೆಯೆಂದು ನನಗೆ ಗೊತ್ತಿತ್ತು, ಒಂದಕ್ಕಿಂತ ಒಂದು ಉದ್ದ. ಕನ್ನಡದಲ್ಲಿ ಎರಡಕ್ಷರದ್ದೇ ಸಾಕಾಗುತ್ತದೆ. ಅದನ್ನು ಅವಳು ಹೇಳುವ ಮೊದಲೇ ಎರಡೂ ಕಪ್-ಬಸಿ ಎತ್ತಿಕೊಂಡು ತೊಳೆಯಲು ನಲ್ಲಿಗೆ ನಡೆದೆ.